ಕೆಳಮಂಚದವಳು

ಬಿಳಿ ಬಳಿಯಬೇಕೆಂದು ನಿಶ್ಚಯಿಸಿದ್ದು ನಾನೇ.
ನಾಮ್ಸೋಸ್‌ನಲ್ಲಿ ಡಿಸೆಂಬರ್ ಎಂದರೆ
ಮಧ್ಯಾಹ್ನ ಎರಡೂವರೆಗೆ ದೀಪ ಹಾಕಬೇಕು.
ಹಾಕಿದ ದೀಪವನ್ನೂ
ಕುಡಿದುಬಿಡುತ್ತದೆ ಈ ಮುಚ್ಚಿಗೆ.
ಐವತ್ತು ವರ್ಷದ ಪೈನ್ ಹಲಗೆ,
ಜೇನಿನ ಬಣ್ಣ ದಾಟಿ, ಕಷಾಯದ ಬಣ್ಣ ದಾಟಿ
ಈಗ ಅಪ್ಪನ ಬೆರಳಿನ ಬಣ್ಣ:
ಸಿಗರೇಟು ಹಿಡಿಯುತ್ತಿದ್ದ ಆ ಎರಡರ ಬಣ್ಣ.

ಅಪ್ಪ ಇದ್ದದ್ದು ಮರ ಕೊಯ್ಯುವ ಮಿಲ್ಲಿನಲ್ಲಿ.
ಗಂಟಿಲ್ಲದ ಹಲಗೆ ಹಡಗು ಹತ್ತುತ್ತಿತ್ತು,
ಗಂಟಿದ್ದದ್ದು ಕೆಲಸದವರಿಗೆ, ಅರ್ಧ ಬೆಲೆಗೆ.
ನಮ್ಮ ಮನೆಗೆ ಬಂದ ಗಂಟೆಂದರೆ ಇಷ್ಟೇ.

ತಂಗಿಯ ಪಾಲಿನ ದುಡ್ಡು ಕೊಟ್ಟೆ, ಮನೆ ನನ್ನದಾಯಿತು.
ಬೂಡೋದಿಂದ ಸುನ್ನಿವಾ ಫೋನಿನಲ್ಲಿ ಕೇಳಿಕೊಂಡದ್ದು ಒಂದೇ:
"ಗೋಡೆ ಒಡಿ, ಅಡುಗೆಮನೆ ತಿರುಗಿಸು, ಏನಾದರೂ ಮಾಡಿಕೋ.
ಕರಡಿಯನ್ನು ಮಾತ್ರ ಮುಚ್ಚಬೇಡ, ಗುಡ್ನಿ."

ಒಂದರ ಮೇಲೊಂದು ಮಂಚ ನಮ್ಮದು.
ಮೇಲೆ ಅವಳು, ಚಿಕ್ಕವಳು, ಅತ್ತು ಗೆದ್ದವಳು.
ಕೆಳಗೆ ನಾನು.
ಅವಳ ಮೂಗಿಗೆ ಮೂರು ಗೇಣು ದೂರದಲ್ಲಿ ಮುಚ್ಚಿಗೆ,
ನನ್ನ ಮೂಗಿನ ಮೇಲೆ ಅವಳ ಹಾಸಿಗೆಯ ತಳ,
ಅದರಲ್ಲೊಂದು ಕಂಪನಿ ಮುದ್ರೆ, ತಲೆಕೆಳಗಾಗಿ.
ಕತ್ತಲೇ ಆಗದ ಜೂನ್ ರಾತ್ರಿಗಳಲ್ಲಿ ಕಂಡು ಹೇಳುತ್ತಿದ್ದಳು,
ಉಳಿದ ಕಾಲದಲ್ಲಿ ಬಾಯಿಪಾಠ:
ಕರಡಿ ಇವತ್ತು ಮುನಿಸಿಕೊಂಡಿದೆ.
ಪಾದ್ರಿಯ ಟೋಪಿ ಬಿತ್ತು.
ಒಂಟಿಗಣ್ಣಿನ ಕುರಿ ಕೆರೆಗೆ ಇಳಿಯಿತು, ಮೇಲೆ ಬರಲಿಲ್ಲ.
"ನಿಂಗೆ ಕಾಣುತ್ತಾ?"
"ಹೂಂ, ಸಂದಿಯಿಂದ ಕಾಣುತ್ತೆ."

ಏನೂ ಕಾಣುತ್ತಿರಲಿಲ್ಲ.
ಹತ್ತಿ ನೋಡಬಹುದಿತ್ತು, ನಾಲ್ಕೇ ಮೆಟ್ಟಿಲು.
ಒಂಬತ್ತು ವರ್ಷ ಹತ್ತಲಿಲ್ಲ.
ದೊಡ್ಡವಳ ಬಿಗುಮಾನವೋ ಏನೋ.

ಈಗ ಐವತ್ತೆಂಟರಲ್ಲಿ ಏಣಿಯ ಮೇಲಿದ್ದೇನೆ,
ಉಪ್ಪುಕಾಗದದ ಧೂಳು ಹುಬ್ಬಿನಲ್ಲಿ, ಹಲ್ಲಿನಲ್ಲಿ.
ಬಣ್ಣದಂಗಡಿ ಹುಡುಗ ಬುದ್ಧಿ ಹೇಳಿ ಕಳಿಸಿದ್ದಾನೆ:
"ನೇರ ಬಿಳಿ ಬಳಿದರೆ ಗಂಟು ಸುಮ್ಮನಿರಲ್ಲ.
ಒಳಗಿನ ಅಂಟು ಇನ್ನೂ ಸತ್ತಿಲ್ಲ.
ಒಂದೊಂದಕ್ಕೂ ಮೊದಲು ಅರಗು ಮುಟ್ಟಿಸಿ,
ಒಂದನ್ನೂ ಬಿಡಬೇಡಿ."
ಹಾಗಾಗಿ ಸಣ್ಣ ಕುಂಚ ಹಿಡಿದು,
ಕುತ್ತಿಗೆಯನ್ನು ಹಿಂದಕ್ಕೆ ಮುರಿದು,
ಮುಖಕ್ಕೆ ಮುಖ ಕೊಟ್ಟು ನಿಲ್ಲಬೇಕು.

ಇದು ಕರಡಿಯೇ? ಕಿವಿ ಇದೆ.
ಅದಕ್ಕೂ ಇದೆಯಲ್ಲ.
ಇದು ಕುರಿಯಾದರೆ ಕೆರೆ ಎಲ್ಲಿ?
ಗಂಟುಮುಖ ಹಾಕಿಕೊಂಡು ಇನ್ನೂರ ಹನ್ನೊಂದು
ನನ್ನನ್ನು ನೋಡುತ್ತವೆ,
ಒಂದಾದರೂ ಗುರುತು ಹೇಳುವುದಿಲ್ಲ.

ಫೋನ್ ಮಾಡಿ ಕೇಳಬಹುದಿತ್ತು.
ಕೇಳಿದರೆ ಆ "ಹೂಂ"ಗಳೆಲ್ಲ ಬಯಲಾಗುತ್ತವೆ.
ಮಂಚ ಇದ್ದದ್ದು ಕಿಟಕಿ ಪಕ್ಕ ಎಂಬುದೊಂದು ನೆನಪು.
ಅಲ್ಲಿ ಎರಡು ಕಿವಿಯದೊಂದು, ತುಸು ದಪ್ಪ ಮೂತಿ.
ಅದಕ್ಕೆ ಅರಗು ಮುಟ್ಟಿಸಲಿಲ್ಲ.
ಹಾಗೆಂದು ಬಯಲಿಗೂ ಬಿಡಲಿಲ್ಲ,
ಎಲ್ಲದರ ಜೊತೆಗೆ ಎರಡು ಕೋಟು ಬಿಳಿ.
ತಂಗಿಗೂ ಆಯಿತು, ನನಗೂ ಆಯಿತು.
ಮುಚ್ಚಿಗೆ ಒಂದು ಮೊಳ ಮೇಲೆದ್ದ ಹಾಗಾಯಿತು.
ವೈರಿಂಗಿಗೆ ಬಂದ ಪೋಲೆಂಡಿನ ಲೆಸ್ಟೆಕ್
ತಲೆಯೆತ್ತಿ ಸಿಳ್ಳೆ ಹಾಕಿದ: "ಒಳಗೂ ಹಿಮ!"

ಸೂರ್ಯ ಕೋಣೆಗೆ ಮರಳಿದ ವಾರ, ಮಾರ್ಚಿಯಲ್ಲಿ,
ಬಿಳಿಯ ಅಡಿಯಿಂದ ಮೆಲ್ಲಗೆ ಎದ್ದಿತು
ಕಾಫಿ ಲೋಟದ ತಳದಷ್ಟು ಹಳದಿ.
ಮೊದಲು ಮೂತಿ. ನಾಲ್ಕು ದಿನ ಬಿಟ್ಟು ಕಿವಿ.
ಫೋಟೋ ತೆಗೆದು ಕಳಿಸಿದೆ: ನೋಡು, ನಿನ್ನ ಕರಡಿ.

ಬಹಳ ಹೊತ್ತು ಉತ್ತರವಿಲ್ಲ. ಆಮೇಲೆ:
"ಯಾರಿದು? ನನಗೆ ಪರಿಚಯವೇ ಇಲ್ಲ.
ನಮ್ಮ ಮಂಚ ಬಾಗಿಲ ಕಡೆ ಇತ್ತಲ್ಲೇ."

ಬಾಗಿಲ ಕಡೆ ನೋಡಿದೆ.
ಕುಂಚದ ಒಂದು ಗೆರೆಯೂ ಉಳಿಯದಂತೆ
ಎಷ್ಟು ಚೆನ್ನಾಗಿ ಬಳಿದಿದ್ದೇನೆ.

ಡಬ್ಬಿಯಲ್ಲಿ ಅರಗು ಇನ್ನೂ ಉಳಿದಿದೆ.
ಕಿಟಕಿ ಪಕ್ಕದವನು
ದಿನಕ್ಕಿಷ್ಟು ಗಾಢವಾಗುತ್ತಿದ್ದಾನೆ.
ನನ್ನ ಮೇಜನ್ನು ನಿನ್ನೆ
ಅವನ ಕೆಳಗೆ ಎಳೆದುಕೊಂಡೆ.